ಏರಿ ಕಾದವರ ಹೆಸರು ಯಾವ ಕಲ್ಲಲ್ಲಿದೆ?



ಮಳೆ ಜೋರಾದ್ರೆ ಮಧುಗಿರಿ, ಕೊರಟಗೆರೆ, ಸಿರಾ, ಪಾವಗಡದಲ್ಲಿ ಒಂದೇ ಮಾತು: "ಕೋಡಿ ಬಿತ್ತಾ? ಏರಿ ಗಟ್ಟಿ ಐತಾ?" ನಮ್ಮದು ಬರದ ಸೀಮೆ. ಆದ್ರೆ ಬಂದಾಗ ಒಂದೇ ಸಲಕ್ಕೆ ಸುರಿಯೋ ಮಳೆ. ಆ ನೀರು ತಡೆದು ಊರು ಉಳಿಸಿದ್ದು ಮಣ್ಣಿನ ಏರಿಗಳು.

ನೀರು ಏರಿಯ ಮೇಲೆ ಹತ್ತಿ ಹರಿದರೆ ಮಣ್ಣು ಕೊರೆದು ಒಡೆಯುತ್ತೆ. ಅದಕ್ಕೇ ಏರಿಗಿಂತ ತಗ್ಗಿನಲ್ಲಿ ಕೋಡಿ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ. ಮೇಲಿನದು ಒಡೆದರೆ ಕೆಳಗಿನ ಸಾಲಿಗೆಲ್ಲ ಗಂಡಾಂತರ. ಮೈಸೂರು ಸೀಮೆಯ ಹೆಚ್ಚುಕಮ್ಮಿ ಶೇ. 60 ಭಾಗ ಇಂಥ ಕೆರೆಗಳ ಜಾಲದಲ್ಲಿದೆ ಅಂತ 1866ರಲ್ಲಿ ಎಂಜಿನಿಯರ್ ಸ್ಯಾಂಕಿ ಬರೆದ.

ಕಟ್ಟಿದವರು ಯಾರು? ನಮ್ಮ ಜಯಮಂಗಲಿ ಸೇರೋದು ಪೆನ್ನಾರ್ ನದಿಗೆ. ಅದೇ ಪೆನ್ನಾರ್ ಸೀಮೆಯ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಕೆರೆ ಶಾಸನ ಇದೆ. ದಿನಕ್ಕೆ 1000 ಆಳು, 100 ಬಂಡಿ, 2 ವರ್ಷ ಕೆಲಸ ಅಂತ ಅದರ ಲೆಕ್ಕ. ಕಟ್ಟಿಸಿದ ಬುಕ್ಕರಾಯನ ಮಗ ಭಾಸ್ಕರನಿಗೆ ಹೆಸರಿದೆ. ಸಾವಿರ ಆಳಿಗೆ ಬರೀ ಸಂಖ್ಯೆ.

ಕಟ್ಟಿದ ಮೇಲೆ ಕಾಯಬೇಕಲ್ಲ? ಆ ಕೆಲಸ ನೀರುಗಂಟಿಯದ್ದು. ಎಷ್ಟೋ ಊರಲ್ಲಿ ಅವನು ನಮ್ಮ ಕೇರಿಯವನೇ. ನಮ್ಮ ತಾತನೂ ನೀರುಗಂಟಿ. ನಡುರಾತ್ರಿ ಮಳೆ ಬಿದ್ರೆ ಗೋಣಿಚೀಲ ಹೊದ್ದು, ಲಾಟೀನು ಹಿಡಿದು ಏರಿ ಮೇಲೆ ಓಡಾಡೋನು. ಎಲ್ಲಿ ಹೆಗ್ಗಣದ ಬಿಲ, ಎಲ್ಲಿ ನೀರು ಜಿನುಗ್ತಿದೆ ಅಂತ ಕಾಲಲ್ಲೇ ಗೊತ್ತು ಮಾಡೋನು. ಊರು ಮಲಗಿರೋದು. ಬೆಳಿಗ್ಗೆ ಅದೇ ಊರಿನ ಸೇದೋ ಬಾವಿ ಹತ್ರ ಅವನು ದೂರ ನಿಲ್ಲಬೇಕು. ಬಾಬಾಸಾಹೇಬರು 1927ರಲ್ಲಿ ಮಹಾಡದ ಕೆರೆ ನೀರು ಯಾಕೆ ಕುಡಿದರು ಅಂತ ನನಗೆ ಪುಸ್ತಕಕ್ಕಿಂತ ಮೊದಲು ಅರ್ಥವಾಗಿದ್ದು ತಾತನ ಕತೆಯಿಂದ.

ಈ ಚಾಕರಿಗೆ ಇನಾಮು ಜಮೀನಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ಚಾಕರಿ ತೆಗೆದು, ಆ ಜಮೀನನ್ನ ಹುದ್ದೆಯಲ್ಲಿದ್ದವರಿಗೇ ಮರುಮಂಜೂರು ಮಾಡೋಕೆ ದಾರಿ ಮಾಡಿತು. ಒಳ್ಳೇ ಕಾಯ್ದೆ. ಆದ್ರೆ ಓದು ಬಾರದ ತಾತನಿಗೆ ಅರ್ಜಿ ಹಾಕಬೇಕು ಅಂತ ಹೇಳೋರು ಇರಲಿಲ್ಲ. ಜಮೀನು ಕೈಬಿಟ್ಟಿತು. ನಾನು ದಿನಾ ಫೈಲು ನೋಡೋ ಗುಮಾಸ್ತ. ಕಾಗದದಲ್ಲಿ ಇಲ್ಲದವನು ಆಫೀಸಿನ ಲೆಕ್ಕಕ್ಕೆ ಹುಟ್ಟೇ ಇಲ್ಲ.

ಈಗ ಕೆರೆ ತುಂಬಿದ್ರೆ ಬಾಗಿನ, ಹಾರ, ಫೋಟೋ. ಬಿಡೋರು ಬಿಡಲಿ. ನೀವೊಂದು ಕೆಲಸ ಮಾಡಿ. ನಿಮ್ಮೂರ ಕೆರೆಗೆ ಕೊನೇ ನೀರುಗಂಟಿ ಯಾರು, ಅವರ ಇನಾಮು ಜಮೀನು ಯಾವ ಸರ್ವೆ ನಂಬರು ಅಂತ ಹಿರಿಯರನ್ನ ಕೇಳಿ ಬರೆದಿಡಿ. ತಾಲ್ಲೂಕು ಕಚೇರೀಲಿ ಹಳೇ ದಾಖಲೆ ನಕಲು ಕೇಳಿ.

ಕಲ್ಲಲ್ಲಿ ಬರೆಯದ ಹೆಸರನ್ನ ಕಾಗದದಲ್ಲಾದ್ರೂ ಬರೆಯೋಣ.

ಜೈಭೀಮ್.