ಆರು ಪೌಂಡ್ ಬಂಡವಾಳದ ಕಂಪನಿ

ಲೆಕ್ಕಪತ್ರ ನೋಡುವುದು ನನ್ನ ಕಸುಬು. ಇಂಗ್ಲೆಂಡಿಗೆ ಬಂದ ಮೇಲೆ ಸಾಫ್ಟ್‌ವೇರ್ ಕಂಪನಿಗಳ ಪುಸ್ತಕಗಳನ್ನೂ ಸಾಕಷ್ಟು ತಿರುವಿ ಹಾಕಿದ್ದೇನೆ. ಅವುಗಳ ಆಸ್ತಿಪಟ್ಟಿಯಲ್ಲಿ ಮೇಜು, ಕುರ್ಚಿ, ಕಂಪ್ಯೂಟರ್ ಎಲ್ಲ ಇರುತ್ತವೆ. ಬಾಗಿಲಿನಿಂದಲೇ ವಾಪಸು ಕಳಿಸಿದ ಬುದ್ಧಿವಂತರಿಂದ ಆದ ನಷ್ಟ ಮಾತ್ರ ಯಾವ ಪುಸ್ತಕದಲ್ಲೂ ಕಾಣುವುದಿಲ್ಲ. ಆ ಲೆಕ್ಕವನ್ನು ಅರವತ್ತು ವರ್ಷಗಳ ಹಿಂದೆ ಇದೇ ದೇಶದಲ್ಲಿ ಒಬ್ಬ ಹೆಣ್ಣುಮಗಳು ಮಾಡಿ ತೋರಿಸಿದ್ದರು.

ಆಕೆಯ ಹೆಸರು ಸ್ಟೆಫನಿ ಶರ್ಲಿ. ಹುಟ್ಟಿದ್ದು 1933ರಲ್ಲಿ, ಜರ್ಮನಿಯ ಡಾರ್ಟ್ಮಂಡ್‌ನಲ್ಲಿ. ಯಹೂದಿ ಮಕ್ಕಳನ್ನು ನಾಜಿಗಳಿಂದ ಪಾರುಮಾಡಿದ ಕಿಂಡರ್‌ಟ್ರಾನ್ಸ್‌ಪೋರ್ಟ್ ರೈಲಿನಲ್ಲಿ 1939ರಲ್ಲಿ ಅಕ್ಕನ ಜೊತೆ ಇಂಗ್ಲೆಂಡಿಗೆ ಬಂದಾಗ ಐದು ವರ್ಷ. ಮುಂದೆ ಲಂಡನ್ನಿನ ಡಾಲಿಸ್ ಹಿಲ್‌ನಲ್ಲಿದ್ದ ಅಂಚೆ ಇಲಾಖೆಯ ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕೆ ಸೇರಿ, ಸಂಜೆ ತರಗತಿಗಳಲ್ಲಿ ಗಣಿತ ಓದಿದರು. ಹೆಣ್ಣು ಎಂಬ ಕಾರಣಕ್ಕೆ ಮೇಲಿನ ಮೆಟ್ಟಿಲು ಸಿಗದು ಎಂದು ಮನವರಿಕೆಯಾದಾಗ, 1962ರಲ್ಲಿ ಮನೆಯಲ್ಲೇ ಸ್ವಂತ ಕಂಪನಿ ಶುರುಮಾಡಿದರು. ಬಂಡವಾಳ ಆರು ಪೌಂಡ್. ಹೆಸರು ಫ್ರೀಲ್ಯಾನ್ಸ್ ಪ್ರೋಗ್ರಾಮರ್ಸ್.

ಆ ಕಾಲದಲ್ಲಿ ಮದುವೆಯಾದರೆ, ಇಲ್ಲವೇ ಮೊದಲ ಮಗು ಹುಟ್ಟುವ ಸೂಚನೆ ಸಿಕ್ಕರೆ, ಹೆಂಗಸರು ಕೆಲಸ ಬಿಡುವುದೇ ರೂಢಿಯಾಗಿತ್ತು. ಕಂಪ್ಯೂಟರ್ ವಿದ್ಯೆ ಕಲಿತವರೂ ಹಾಗೆ ಮನೆ ಸೇರಿದ್ದರು. ಶರ್ಲಿ ಹುಡುಕಿದ್ದು ಅವರನ್ನೇ. ಪ್ರೋಗ್ರಾಂ ಬರೆಯಲು ಆಗ ಪೆನ್ಸಿಲ್ಲು, ಕಾಗದ ಸಾಕಿತ್ತು; ಯಂತ್ರ ಬೇರೆಲ್ಲೋ ಇರುತ್ತಿತ್ತು. ಹಾಗಾಗಿ ಅಭ್ಯರ್ಥಿಗಳಿಗೆ ಕೇಳುತ್ತಿದ್ದ ಒಂದು ಮುಖ್ಯ ಪ್ರಶ್ನೆ: ನಿಮಗೆ ಟೆಲಿಫೋನ್ ಸೌಲಭ್ಯ ಇದೆಯೇ? ಮೊದಲ 300 ಮಂದಿ ಸಿಬ್ಬಂದಿಯಲ್ಲಿ 297 ಹೆಂಗಸರು. ಕಾಂಕಾರ್ಡ್ ವಿಮಾನದ ಬ್ಲ್ಯಾಕ್ ಬಾಕ್ಸ್‌ಗೆ ಬೇಕಾದ ಪ್ರೋಗ್ರಾಂ ಬರೆದವರು ಇವರು.

ಸ್ಟೆಫನಿ ಎಂದು ಸಹಿ ಮಾಡಿದ ಪತ್ರಗಳಿಗೆ ಗಿರಾಕಿಗಳಿಂದ ಉತ್ತರ ಬರುತ್ತಿರಲಿಲ್ಲ. ಗಂಡನ ಸಲಹೆಯಂತೆ 'ಸ್ಟೀವ್' ಎಂದು ಸಹಿ ಹಾಕಿದರು, ಉತ್ತರ ಬಂತು. ಫೋನಿನಲ್ಲಿ ಮಗುವಿನ ಗಲಾಟೆ ಕೇಳದಿರಲೆಂದು ಹಿಂದೆ ಟೈಪ್‌ರೈಟರ್ ಸದ್ದಿನ ಟೇಪು ಹಾಕುತ್ತಿದ್ದರು. ಲೆಕ್ಕಿಗನಾದ ನನಗೆ ಇದಕ್ಕಿಂತ ಇಷ್ಟವಾದದ್ದು ಅವರ ಬೆಲೆ ಕಟ್ಟುವ ರೀತಿ. ಇಡೀ ಕೆಲಸಕ್ಕೆ ಇಷ್ಟು ಎಂದು ಮೊದಲೇ ದರ ಹೇಳುತ್ತಿದ್ದರು. ಯಾರು, ಎಲ್ಲಿ ಕೂತು, ದಿನಕ್ಕೆ ಎಷ್ಟು ಗಂಟೆ ಬರೆದರು ಎಂದು ಗಿರಾಕಿ ಕೇಳುವ ಪ್ರಮೇಯವೇ ಇರಲಿಲ್ಲ. ಕೆಲಸ ಸರಿಯಾಗಿದೆಯೇ ಎಂಬುದಷ್ಟೇ ಉಳಿಯುತ್ತಿತ್ತು.

1975ರ ಲಿಂಗತಾರತಮ್ಯ ವಿರೋಧಿ ಕಾಯ್ದೆ ಬಂದ ಮೇಲೆ ಹೆಂಗಸರಿಗಷ್ಟೇ ಕೆಲಸ ಕೊಡುವುದು ಕಾನೂನುಬಾಹಿರವಾಯಿತು. ಗಂಡಸರೂ ಬಂದರು. ತಾಯಂದಿರಿಗೆಂದು ತೆರೆದ ಬಾಗಿಲು, ಮನೆಯಲ್ಲಿ ಆರೈಕೆಯ ಹೊಣೆ ಹೊತ್ತ ಬೇರೆಯವರಿಗೂ ಒದಗಿತು. ಆ ಹೊಣೆ ಶರ್ಲಿಯವರಿಗೂ ಇತ್ತು. 1963ರಲ್ಲಿ ಹುಟ್ಟಿದ ಅವರ ಒಬ್ಬನೇ ಮಗ ಜೈಲ್ಸ್‌ಗೆ ತೀವ್ರ ಆಟಿಸಂ. ಕಲಿತ ಚೂರುಪಾರು ಮಾತೂ ಹೊರಟುಹೋಗಿತ್ತು. 1998ರಲ್ಲಿ ಅವನು ತೀರಿಕೊಂಡ ಮೇಲೂ ಅವರು ತಮ್ಮ ಸಂಪತ್ತಿನ ಬಹುಪಾಲನ್ನು ಆಟಿಸಂ ಶಾಲೆ, ಸಂಶೋಧನೆಗಳಿಗೆ ಕೊಟ್ಟರು. 2025ರಲ್ಲಿ ತಮ್ಮ 91ನೇ ವಯಸ್ಸಿನಲ್ಲಿ ಕಣ್ಮುಚ್ಚಿದರು.

ಈ ಕಥೆ ನನ್ನನ್ನು ಕಾಡಲು ಕಾರಣ ನನ್ನ ಅಕ್ಕನ ಮಗ. ಶಿವಮೊಗ್ಗದಲ್ಲಿ ಬಿಸಿಎ ಮುಗಿಸಿದವನು, ಕಣ್ಣು ಕಾಣುವುದಿಲ್ಲ. ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ನೆರವಿನಿಂದ ನನಗಿಂತ ಬೇಗ ಕಂಪ್ಯೂಟರ್ ಬಳಸುತ್ತಾನೆ. ಒಂದು ಕಂಪನಿಯ ಆನ್‌ಲೈನ್ ಪರೀಕ್ಷೆಯಲ್ಲಿ ಪ್ರಶ್ನೆಗಳು ಚಿತ್ರಗಳಾಗಿ ಬಂದವು. ಚಿತ್ರಕ್ಕೆ ವಿವರಣೆ ಬರೆದಿರಲಿಲ್ಲವಾದ್ದರಿಂದ ಸ್ಕ್ರೀನ್ ರೀಡರ್ ಸುಮ್ಮನಾಯಿತು. ಗಡಿಯಾರ ಮಾತ್ರ ಓಡುತ್ತಿತ್ತು. "ಮಾಮಾ, ಪ್ರಶ್ನೆ ಏನೂಂತ ಗೊತ್ತಾಗಿದ್ರೆ ಉತ್ತರ ಬರೀತಿದ್ದೆ" ಎಂದ. ಕಂಪನಿಯ ದಾಖಲೆಯಲ್ಲಿ ಅವನು ಅನುತ್ತೀರ್ಣ.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ. 4 ಮೀಸಲಿಟ್ಟಿದೆ, ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕು. ಬ್ರಿಟನ್ ಸ್ಥಿತಿಯೂ ಹೊಗಳುವಂಥದ್ದಲ್ಲ. 2024ರ ಬಕ್‌ಲ್ಯಾಂಡ್ ವರದಿಯ ಪ್ರಕಾರ ಇಲ್ಲಿ ದುಡಿಯುವ ವಯಸ್ಸಿನ ಆಟಿಸಂ ಇರುವವರಲ್ಲಿ ಕೆಲಸದಲ್ಲಿರುವವರು ಹತ್ತರಲ್ಲಿ ಸುಮಾರು ಮೂವರು. ಅಸ್ಪಷ್ಟ ಸಂದರ್ಶನ ಪ್ರಶ್ನೆಗಳೇ ಅವರಲ್ಲಿ ಹಲವರಿಗೆ ಅಡ್ಡಿ ಎಂದೂ ಆ ವರದಿ ಹೇಳುತ್ತದೆ.

ಶರ್ಲಿ ಮಾಡಿದ್ದನ್ನು ದಾನದ ಖಾತೆಗೆ ಬರೆಯಬಾರದು. ಆ ಕಂಪನಿ 1996ರಲ್ಲಿ ಲಂಡನ್ ಷೇರುಪೇಟೆಗೆ ಬಂತು. ಅವರು ನೌಕರರಿಗೆ ಷೇರು ಹಂಚಿದ್ದರಿಂದ, ಸಿಬ್ಬಂದಿಯಲ್ಲಿ 70 ಮಂದಿ ತಲಾ ಹತ್ತು ಲಕ್ಷ ಪೌಂಡ್ ದಾಟಿದ ಶ್ರೀಮಂತರಾದರು. ಬೇರೆಯವರು ಬೇಡವೆಂದ ಪರಿಣತಿಯಿಂದ ಬಂದ ಲಾಭ ಅದು.

ಬೆಂಗಳೂರಿನಲ್ಲಾಗಲಿ ಇಲ್ಲಾಗಲಿ ನೇಮಕಾತಿಯ ಹೊಣೆ ಹೊತ್ತ ಕನ್ನಡಿಗರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರಲ್ಲಿ ನನ್ನದೊಂದು ವಿನಂತಿ: ನಿಮ್ಮ ಪರೀಕ್ಷೆಯನ್ನು ಅಭ್ಯರ್ಥಿಗಳಿಗೆ ಕೊಡುವ ಮುನ್ನ, ಕಂಪ್ಯೂಟರಿನ ಪರದೆ ಆರಿಸಿ, ಸ್ಕ್ರೀನ್ ರೀಡರ್ ಹಾಕಿಕೊಂಡು ನೀವೇ ಒಮ್ಮೆ ಬರೆದು ನೋಡಿ. ಅರ್ಧ ಗಂಟೆ ಹಿಡಿಯಬಹುದು. ಅದರ ಖರ್ಚನ್ನು ಯಾವ ಆಡಿಟರೂ ಪ್ರಶ್ನಿಸುವುದಿಲ್ಲ.