ಹಿಂದೆ ಸರಿಯುವ ಗೋಡೆ

ನಮ್ಮ ಬಾಡಿಗೆ ಮನೆಯ ನಡುಕೋಣೆ ಹತ್ತಡಿಗೆ ಎಂಟಡಿ. ಮೊನ್ನೆ ಸುಣ್ಣ ಬಳಿಯಲು ಬಂದ ಮೇಸ್ತ್ರಿ, “ನೀಲಿ ಒಂದಿಷ್ಟು ಹೆಚ್ಚಾಗಿಯೇ ಕದಡಿಬಿಡ್ತೀನಿ ಸ್ವಾಮಿ, ಕೋಣೆ ದೊಡ್ಡದಾಗಿ ಕಾಣುತ್ತೆ” ಎಂದ. ನನಗೆ ನಗು ಬಂತು. ಆದರೆ ಇದೇ ಮಾತನ್ನು ನಂಬಿ ಒಂದು ಬಡಾವಣೆಗೇ ಬಣ್ಣ ಬಳಿಸಿದ ವಾಸ್ತುಶಿಲ್ಪಿಯೊಬ್ಬನಿದ್ದ.

ಆತ ಲೆ ಕಾರ್ಬೂಸಿಯೆ. ಮುಂದೆ ೧೯೫೧ರಲ್ಲಿ ನಮ್ಮ ಚಂಡೀಗಢದ ನಿರ್ಮಾಣಕ್ಕೆ ಕೈಹಾಕಿದವನು. ಫ್ರಾನ್ಸಿನ ಬೋರ್ಡೊ ನಗರದಲ್ಲಿ ಆನ್ರಿ ಫ್ರೂಜೆಸ್ ಎಂಬ ಸಕ್ಕರೆ ಉದ್ಯಮಿ, ಕೆಲಸಗಾರರಿಗೆ ಮನೆ ಕಟ್ಟಿಸಲೆಂದು ಈತನನ್ನು ಕರೆಸಿದ. ೧೯೨೬ರ ಹೊತ್ತಿಗೆ ಪಕ್ಕದ ಪೆಸಾಕಿನಲ್ಲಿ ಸುಮಾರು ೫೦ ಮನೆಗಳೆದ್ದವು. ಎದ್ದ ಮೇಲೆ ನೋಡಿದರೆ, ಕಾಂಕ್ರೀಟಿನ ಗೋಡೆಗಳು ಒತ್ತೊತ್ತಾಗಿ ನಿಂತು ಉಸಿರು ಕಟ್ಟಿಸುವಂತಿದ್ದವು. ಗೋಡೆಯನ್ನು ಸರಿಸುವಂತಿಲ್ಲ, ಬಣ್ಣ ಬಳಿಸಬಹುದಲ್ಲ! ಕೆಲವಕ್ಕೆ ತಿಳಿನೀಲಿ ಬಳಿಸಿ ದೂರಕ್ಕೆ ತಳ್ಳಿದ. ಕೆಲವನ್ನು ತಿಳಿಹಸಿರಿನಿಂದ ತೋಟದ ಎಲೆಗಳಲ್ಲಿ ಕರಗಿಸಿದ. ಕಾವಿಗೆಂಪಿನವು ಮಾತ್ರ ಇದ್ದಲ್ಲೇ ಗಟ್ಟಿಯಾಗಿ ನಿಂತವು.

ಉಪಾಯವೇನೋ ಹಳೆಯದೇ. ದೂರದ್ದನ್ನು ನೀಲಿಯಲ್ಲಿ ಬರೆಯಬೇಕೆಂದು ಲಿಯೊನಾರ್ಡೊ ಡಾ ವಿಂಚಿ ಐನೂರು ವರ್ಷಗಳ ಹಿಂದೆಯೇ ಚಿತ್ರಕಾರರಿಗೆ ಹೇಳಿಕೊಟ್ಟಿದ್ದ. ದೂರದಿಂದ ನಂದಿಬೆಟ್ಟವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಡುವಿನ ಗಾಳಿ ನೀಲಿ ಬೆಳಕನ್ನು ಹೆಚ್ಚಾಗಿ ಚದರಿಸುತ್ತದೆ. ನೀಲಿಯೆಂದರೆ ದೂರವೆಂದು ಕಣ್ಣು ರೂಢಿ ಮಾಡಿಕೊಂಡಿದೆ. ಜೊತೆಗೆ ತಿಳಿಬಣ್ಣ ಬೆಳಕನ್ನು ಹೆಚ್ಚು ಹಿಂದಿರುಗಿಸುವುದರಿಂದ ಮೂಲೆಯ ಕತ್ತಲೆಯೂ ತಗ್ಗುತ್ತದೆ. ಕಾರ್ಬೂಸಿಯೆ ೧೯೩೧ರಲ್ಲಿ ಸ್ವಿಟ್ಜರ್‌ಲೆಂಡಿನ ಸಾಲುಬ್ರಾ ಕಂಪೆನಿಯ ಗೋಡೆಕಾಗದಕ್ಕೆಂದು ೪೩ ಬಣ್ಣಗಳನ್ನು ಆರಿಸಿಕೊಟ್ಟದ್ದೂ ಇಂಥ ವಿಚಾರದಿಂದಲೇ.

ಪೆಸಾಕಿನ ಒಕ್ಕಲುಗಳ ಕಥೆ ಬೇರೆ. ನೀರಿನ ಏರ್ಪಾಡಾಗದೆ ಮನೆಗಳು ಕೆಲವು ವರ್ಷ ಖಾಲಿ ಬಿದ್ದಿದ್ದವು. ಆಮೇಲೆ ಬಂದವರು ತೆರೆದ ಜಾಗಗಳಿಗೆ ಗೋಡೆ ಕಟ್ಟಿ ಕೋಣೆ ಮಾಡಿಕೊಂಡರು, ಉದ್ದನೆಯ ಕಿಟಕಿಗಳನ್ನು ಕಿರಿದುಗೊಳಿಸಿದರು, ಮಟ್ಟಸ ತಾರಸಿಯ ಮೇಲೆ ಇಳಿಜಾರು ಮಾಡು ಹೊದಿಸಿದರು, ಬಣ್ಣವನ್ನೂ ಬಿಡಲಿಲ್ಲ. ಫಿಲಿಪ್ ಬೂದೋಂ ಎಂಬಾತ ಆ ಮನೆಗಳವರನ್ನು ಮಾತನಾಡಿಸಿ ೧೯೬೯ರಲ್ಲಿ ಇದನ್ನೆಲ್ಲ ಪುಸ್ತಕವಾಗಿಸಿದ. ಕಲೆ ಬಲ್ಲವರು ಇದನ್ನು ಕೇಳಿ ಮರುಗುವುದುಂಟು. ನನಗೇಕೋ ಒಕ್ಕಲುಗಳ ಮೇಲೆ ಸಿಟ್ಟು ಬಾರದು. ನೀಲಿ ಗೋಡೆ ಎಷ್ಟೇ ಹಿಂದೆ ಸರಿದರೂ ಅಲ್ಲೊಂದು ಮಂಚ ಹಿಡಿಸಬೇಕಲ್ಲ! ೨೦೧೬ರಲ್ಲಿ ಯುನೆಸ್ಕೊ, ಚಂಡೀಗಢದ ಆಡಳಿತ ಭವನಗಳ ಜೊತೆಗೆ ಪೆಸಾಕನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮೇಸ್ತ್ರಿಗೆ ನಾನು ಹೂಂ ಎಂದೆ. ಕೋಣೆ ದೊಡ್ಡದಾಗಿ ಕಾಣುತ್ತಿರುವುದೇನೋ ನಿಜ. ನಿನ್ನೆ ಊರಿನಿಂದ ಅತ್ತೆ, ಮಾವ, ಭಾವಮೈದ ಬಂದರು. ರಾತ್ರಿ ಮಲಗಿದಾಗ ನನ್ನ ಎರಡು ಕಾಲೂ ಹೊಸಿಲಿನಾಚೆಗಿದ್ದವು.