ಬಾಡಿಗೆಯ ಗಡಿಯಾರ: ಒಡೆತನ ಮತ್ತು ಉಪಯೋಗ

ಬೆಲೆಬಾಳುವ ಗಡಿಯಾರಗಳನ್ನು ಬಾಡಿಗೆಗೆ ಕೊಡುವುದು ಒಡೆಯನಿಗೂ ಧರಿಸುವವನಿಗೂ ಹಿತವೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ವ್ಯಾಪಾರಕ್ಕೆ ಸೇರಿದುದು. ಆದರೆ ಬಾಡಿಗೆಗೆ ಹೋಗುವುದು ಯಾವುದು, ಆಗ ವಸ್ತುವು ಯಾರ ವಶದಲ್ಲಿರುತ್ತದೆ ಎಂಬ ಎರಡು ವಿಚಾರಗಳನ್ನು ಬೇರ್ಪಡಿಸದೆ ಅದಕ್ಕೆ ಉತ್ತರ ದೊರೆಯದು. ಇವನ್ನು ಎರಡು ನಿದರ್ಶನಗಳಿಂದ ಪರಿಶೀಲಿಸುವೆವು.

ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದಲ್ಲಿ ಸಹಾಯಕನಾಗಿದ್ದ ಜಾನ್ ಹೆನ್ರಿ ಬೆಲ್‌ವಿಲ್ 1836ರಿಂದ, ಅಲ್ಲಿನ ಕಾಲಕ್ಕೆ ಸರಿಹೊಂದಿಸಿದ ಗಡಿಯಾರವೊಂದನ್ನು ಲಂಡನ್ನಿನ ಗಡಿಯಾರ ತಯಾರಕರಲ್ಲಿಗೆ ಒಯ್ದು ಸರಿಯಾದ ವೇಳೆಯನ್ನು ತಿಳಿಸತೊಡಗಿದನು. 1856ರಲ್ಲಿ ಅವನು ಮಡಿದ ಬಳಿಕ ಪತ್ನಿ ಮರಿಯಾ ಚಂದಾದಾರರನ್ನು ಇಟ್ಟುಕೊಂಡು ಈ ಕಾರ್ಯವನ್ನೇ ಜೀವನೋಪಾಯವಾಗಿ ಮಾಡಿಕೊಂಡಳು. ಮಗಳು ರೂತ್ 1892ರಿಂದ 1940ರವರೆಗೆ ಅದನ್ನು ಮುಂದುವರಿಸಿದಳು. ಆ ಗಡಿಯಾರ ಸಾಮಾನ್ಯವಾದುದಲ್ಲ. ಪ್ರಸಿದ್ಧ ಕುಶಲಿ ಜಾನ್ ಆರ್ನಾಲ್ಡನ ಕಾರ್ಯಾಗಾರದಲ್ಲಿ ಸಿದ್ಧವಾದುದು. ಬೆಲ್‌ವಿಲ್ ಕಳ್ಳರಿಗೆ ಅಂಜಿ ಅದರ ಚಿನ್ನದ ಕವಚವನ್ನು ತೆಗೆಸಿ ಬೆಳ್ಳಿಯದನ್ನು ಹಾಕಿಸಿದನೆಂದು ಹೇಳುತ್ತಾರೆ. ಚಂದಾದಾರರಿಗೆ ಬೇಕಾಗಿದ್ದುದು ಚಿನ್ನವಲ್ಲ, ನಿಖರವಾದ ಕಾಲ. ಅದನ್ನು ಪಡೆದ ಮೇಲೆ ಗಡಿಯಾರವು ಒಡತಿಯೊಡನೆಯೇ ಮನೆಗೆ ಹಿಂದಿರುಗುತ್ತಿತ್ತು. 1924ರಲ್ಲಿ ಬಿ.ಬಿ.ಸಿ.ಯ ಕಾಲಸಂಕೇತವೂ 1936ರಲ್ಲಿ ದೂರವಾಣಿಯ ಮೂಲಕ ವೇಳೆ ಹೇಳುವ ವ್ಯವಸ್ಥೆಯೂ ಬಂದ ಮೇಲೆಯೂ ಈ ಕಾಯಕ ಕೆಲಕಾಲ ಉಳಿದುದು ಗಮನಾರ್ಹ.

ಇಂದು ನಿಖರವಾದ ಕಾಲ ಎಲ್ಲರ ದೂರವಾಣಿಯಲ್ಲಿಯೂ ದೊರೆಯುತ್ತದೆ. ಆದಕಾರಣ ಬೆಲೆಬಾಳುವ ಗಡಿಯಾರವನ್ನು ಬಾಡಿಗೆಗೆ ತರುವವನು ಕೊಳ್ಳುವುದು ಕಾಲವನ್ನಲ್ಲ, ಅಲಂಕಾರವನ್ನು. ಬೆಲ್‌ವಿಲ್ ಕಳಚಿದ ಚಿನ್ನದ ಕವಚವೇ ಈಗ ಬಾಡಿಗೆಯ ಸರಕು! ಅಲಂಕಾರವಾದರೋ ಧರಿಸುವವನ ಕೈಮೇಲಿದ್ದಾಗಲೇ ಸಾರ್ಥಕ. ಹೀಗಾಗಿ ವಸ್ತುವು ಒಡೆಯನ ವಶವನ್ನು ಬಿಟ್ಟುಹೋಗಲೇಬೇಕು.

ಇದರ ಪರಿಣಾಮವನ್ನು ಜಪಾನಿನ ಒಸಾಕಾ ನಗರದ ನಿದರ್ಶನ ತೋರಿಸುತ್ತದೆ. ಅಲ್ಲಿನ ನಿಯೋ ರಿವರ್ಸ್ ಎಂಬ ಸಂಸ್ಥೆ 'ಟೋಕೆ ಮ್ಯಾಚ್' ಎಂಬ ಹೆಸರಿನಲ್ಲಿ ಒಡೆಯರಿಂದ ಗಡಿಯಾರಗಳನ್ನು ಪಡೆದು ಇತರರಿಗೆ ಬಾಡಿಗೆಗೆ ಕೊಡುತ್ತಿತ್ತು; ಒಡೆಯರಿಗೆ ತಿಂಗಳಿಗಿಷ್ಟೆಂದು ಹಣ ಸಲ್ಲುತ್ತಿತ್ತು. 2024ರ ಜನವರಿ 31ರಂದು ಸಂಸ್ಥೆಯು ವಿಸರ್ಜನೆಯನ್ನು ಪ್ರಕಟಿಸಿತು. ನೂರಾರು ಗಡಿಯಾರಗಳು ಒಡೆಯರಿಗೆ ಹಿಂದಿರುಗಲಿಲ್ಲ. ಕೆಲವು ಆಗಲೇ ಮಾರಾಟವಾಗಿದ್ದುದು ತಿಳಿದುಬಂದಿತು. ಬಡ್ಡಿಯ ಆಸೆಗೆ ಅಸಲನ್ನೇ ಕಳೆದುಕೊಂಡಂತಾಯಿತು.

ಇದರಿಂದ ಬಾಡಿಗೆಯೇ ಅಸಂಗತವೆಂದು ಹೇಳಲಾಗದು. ಒಂದು ಸಮಾರಂಭಕ್ಕೆ ಅಥವಾ ಕೊಳ್ಳುವ ಮುನ್ನ ಪರೀಕ್ಷೆಗೆ ಎಂದು ಪಡೆಯುವವನಿಗೆ ಅದು ಯುಕ್ತವೇ. ವರ್ಷಗಟ್ಟಲೆ ಪಡೆಯುವವನು ಮಾತ್ರ ಬೆಲೆಯ ಬಹುಭಾಗವನ್ನು ತೆತ್ತೂ ಬರಿಗೈಯಲ್ಲಿ ಉಳಿಯಬಹುದು. ಒಡೆಯನ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಪೆಟ್ಟಿಗೆಯಲ್ಲಿ ಸುಮ್ಮನಿರುವ ಗಡಿಯಾರದಿಂದ ಆದಾಯವಿಲ್ಲವೆಂಬುದು ನಿಜ; ಆದರೆ ಬರುವ ಬಾಡಿಗೆಯನ್ನು ಅವನು ಈ ಸುಮ್ಮನಿರುವಿಕೆಯೊಡನೆ ತೂಗದೆ, ಗಡಿಯಾರದ ಪೂರ್ಣ ಬೆಲೆಯೊಡನೆಯೂ ಮಧ್ಯವರ್ತಿಯ ಪ್ರಾಮಾಣಿಕತೆಯೊಡನೆಯೂ ತೂಗಬೇಕು. ಬೆಲ್‌ವಿಲ್ ಕುಟುಂಬವು ನೂರಕ್ಕೂ ಹೆಚ್ಚು ವರ್ಷ ಒಂದೇ ಗಡಿಯಾರದ ಉಪಯೋಗವನ್ನು ಹಲವರಿಗೆ ಒದಗಿಸಿಯೂ ಅದನ್ನು ಕಳೆದುಕೊಳ್ಳಲಿಲ್ಲ. ಅದನ್ನು ಅವರು ಯಾರ ಕೈಗೂ ಒಪ್ಪಿಸಿರಲಿಲ್ಲ.